ಹೊಳೆಯ ಹೂಳನ್ನೂ ಅಳೆಯಿರಿ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಪ್ವೆರ್ಕೊ, ಮಳೆ ಬಿದ್ದಾಗಷ್ಟೇ ಹರಿಯುವ ಹೊಳೆ. ವರ್ಷದ ಬಹುಪಾಲು ದಿನ ಅದರ ಪಾತ್ರದಲ್ಲಿ ಕಾಣುವುದು ಒಣ ಮರಳು. 1960ರ ದಶಕದ ಕೊನೆಯ ಹೊತ್ತಿಗೆ ಅದು ಕಡು ಬೇಸಿಗೆಯಲ್ಲೂ ಹರಿಯತೊಡಗಿತು. ನವಾಹೊ ಬುಡಕಟ್ಟಿನ ಕುರಿಗಾಹಿಗಳು ಹಿಂಡುಗಳನ್ನು ಅಲ್ಲಿಗೇ ಹೊಡೆದುಕೊಂಡು ಬಂದು ನೀರು ಕುಡಿಸಿದರು. ಮಕ್ಕಳು ಆ ನೀರಿನಲ್ಲೇ ಆಡಿದರು. ಅದು ಮಳೆಯ ನೀರಾಗಿರಲಿಲ್ಲ. ಚರ್ಚ್‌ರಾಕ್ ಸುತ್ತಲಿನ ಯುರೇನಿಯಂ ಗಣಿಗಳ ಸುರಂಗದೊಳಗೆ ಒಸರುತ್ತಿದ್ದ ನೀರನ್ನು ಪಂಪು ಹಚ್ಚಿ ಮೇಲೆತ್ತಿ ಹೊಳೆಗೆ ಬಿಡುತ್ತಿದ್ದರು. ಗಣಿ ನಡೆಯಬೇಕಾದರೆ ಸುರಂಗ ಒಣಗಿರಬೇಕು. ಹಾಗಾಗಿ ನಡುವೆ ಕೆಲವು ಬಿಡುವುಗಳಿದ್ದರೂ 1986ರವರೆಗೆ ಈ ಹರಿವು ಮುಂದುವರಿಯಿತು.

1979ರ ಜುಲೈ 16ರ ಬೆಳಗಿನ ಜಾವ ಅದೇ ಚರ್ಚ್‌ರಾಕ್‌ನಲ್ಲಿ ಯುನೈಟೆಡ್ ನ್ಯೂಕ್ಲಿಯರ್ ಕಾರ್ಪೊರೇಷನ್ ಎಂಬ ಕಂಪನಿಯ ಅದಿರು ಸಂಸ್ಕರಣಾ ಘಟಕದ ತ್ಯಾಜ್ಯದ ಕೊಳದ ಮಣ್ಣಿನ ಏರಿ ಒಡೆಯಿತು. ಆ ಏರಿ ಬಿರುಕು ಬಿಟ್ಟಿದ್ದು ಮೊದಲೇ ಗೊತ್ತಿತ್ತು. ಸುಮಾರು ಆರು ಮೀಟರ್ ಅಗಲದ ಒಡಕಿನಿಂದ 35 ಕೋಟಿ ಲೀಟರ್‌ನಷ್ಟು ಆಮ್ಲಭರಿತ ವಿಕಿರಣಶೀಲ ನೀರು ಮತ್ತು ಸಾವಿರ ಟನ್ ಗಸಿ, ಅಂದರೆ ಯುರೇನಿಯಂ ತೆಗೆದ ಮೇಲೆ ಉಳಿಯುವ ಅದಿರಿನ ಕೆಸರು, ಪ್ವೆರ್ಕೊಗೆ ನುಗ್ಗಿತು. ಕಲುಷಿತ ನೀರು ರಾಜ್ಯದ ಗಡಿ ದಾಟಿ ಅರಿಜೋನಾದೊಳಗೆ ಹೋಯಿತು. 130 ಕಿಲೋಮೀಟರ್ ದೂರದಲ್ಲೂ ಅದರ ಗುರುತು ಸಿಕ್ಕಿತು. ಎಂದಿನಂತೆ ಹೊಳೆ ದಾಟಲು ನೀರಿಗಿಳಿದವರ ಕಾಲು ಸುಟ್ಟಿತು. ಕುಡಿಯಬೇಡಿ, ದನಕರು ಇಳಿಸಬೇಡಿ ಎಂಬ ಎಚ್ಚರಿಕೆ ಎಲ್ಲ ಹಟ್ಟಿಗಳಿಗೂ ತಲುಪಲು ದಿನಗಳೇ ಹಿಡಿದವು. ನವಾಹೊ ಆಡಳಿತ ಈ ಸೀಮೆಯನ್ನು ವಿಪತ್ತು ಪ್ರದೇಶವೆಂದು ಘೋಷಿಸಲು ಕೋರಿದರೂ ರಾಜ್ಯಪಾಲರು ಒಪ್ಪಲಿಲ್ಲ. ಕೆಲಸಗಾರರು ಸಲಿಕೆ ಹಿಡಿದು ಹೊಳೆಗಿಳಿದು ಹೂಳು ಬಳಿದರು. ಅವರ ಕೈಗೆ ಸಿಕ್ಕಿದ್ದು ಚೆಲ್ಲಿದ್ದರ ಅಲ್ಪ ಪಾಲು. ನಾಲ್ಕು ತಿಂಗಳೊಳಗೆ ಘಟಕ ಮತ್ತೆ ಕೆಲಸ ಶುರುಮಾಡಿತು.

ಅಮೆರಿಕದ ನೆಲದಲ್ಲಿ ನಡೆದ ಅತಿ ದೊಡ್ಡ ವಿಕಿರಣಶೀಲ ಸೋರಿಕೆಗಳ ಪಟ್ಟಿಯಲ್ಲಿ ಚರ್ಚ್‌ರಾಕ್ ಇದೆ. ಪುಸ್ತಕಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ ಬರುವುದೂ ಆ ಒಂದು ಬೆಳಗಿನ ಕಥೆಯೇ. ಆದರೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು 1990ರ ದಶಕದ ಆರಂಭದಲ್ಲಿ ಕೂತು ಲೆಕ್ಕ ಹಾಕಿದಾಗ ಬೇರೆಯೇ ಚಿತ್ರ ಸಿಕ್ಕಿತು. ಏರಿ ಒಡೆದ ದಿನ ಹೊಳೆ ಸೇರಿದ ಯುರೇನಿಯಂಗಿಂತ, ಎರಡು ದಶಕ ಕಾಲ ಪಂಪಿನಿಂದ ಸದ್ದಿಲ್ಲದೆ ಹರಿದುಬಂದ ಯುರೇನಿಯಂ ನೂರು ಪಟ್ಟಿಗೂ ಹೆಚ್ಚು.

ಗಣಿ ಮತ್ತು ಕೈಗಾರಿಕೆಗಳ ಬಳಿಯ ನದಿಗಳಲ್ಲಿ ವಿಕಿರಣದ ಮಾತು ಬಂದಾಗಲೆಲ್ಲ ಮೊದಲು ನೆನಪಿಗೆ ತಂದುಕೊಳ್ಳಬೇಕಾದ ಲೆಕ್ಕವಿದು. ಅಪಘಾತವಾದಾಗ ಪತ್ರಕರ್ತರು ಬರುತ್ತಾರೆ, ಸಮಿತಿ ರಚನೆಯಾಗುತ್ತದೆ, ವರದಿ ಬರುತ್ತದೆ. ಅನುಮತಿ ಪತ್ರ ಇಟ್ಟುಕೊಂಡು ದಿನವೂ ಬಿಡುವ ನೀರನ್ನು ಕೇಳುವವರಿಲ್ಲ. ಆ ನೀರಿನಲ್ಲಿ ಇದ್ದದ್ದು ಎಲ್ಲಿ ಹೋಗಿ ಕೂತಿತು ಎಂದು ಹುಡುಕುವವರಂತೂ ಇನ್ನೂ ಕಡಿಮೆ. ಅದು ಕೂರುವುದು ಹೂಳಿನಲ್ಲಿ. ನಿಯಂತ್ರಕರು ಸಾಮಾನ್ಯವಾಗಿ ಜನರ ಮುಂದಿಡುವುದು ನೀರಿನ ಲೆಕ್ಕ; ಹೂಳಿನ ಲೆಕ್ಕವನ್ನೂ ಗಣಿ ಶುರುವಾಗುವ ಮೊದಲೇ ತೆಗೆದು ಇಡಬೇಕು.

ಏಕೆಂದು ತಿಳಿಯಲು ಅದಿರಿನ ಒಳಗೆ ಏನಿದೆ ಎಂದು ನೋಡಬೇಕು. ಯುರೇನಿಯಂ ಒಂಟಿಯಾಗಿರುವುದಿಲ್ಲ. ಅದು ನಿಧಾನವಾಗಿ ಕ್ಷಯಿಸುತ್ತಾ ಥೋರಿಯಂ, ರೇಡಿಯಂ, ರೇಡಾನ್, ಕೊನೆಗೆ ಸೀಸ ಹೀಗೆ ಒಂದೊಂದಾಗಿ ರೂಪ ಬದಲಿಸುತ್ತದೆ. ಘಟಕದಲ್ಲಿ ಅದಿರನ್ನು ನುಣ್ಣಗೆ ಪುಡಿ ಮಾಡಿ, ಆಮ್ಲದಲ್ಲೋ ಕ್ಷಾರದಲ್ಲೋ ಯುರೇನಿಯಂ ಅನ್ನು ಕರಗಿಸಿ ತೆಗೆಯುತ್ತಾರೆ. ಉಳಿದವೆಲ್ಲ ಗಸಿಯಲ್ಲೇ ಉಳಿಯುತ್ತವೆ. ಮೂಲ ಅದಿರಿನ ವಿಕಿರಣಶೀಲತೆಯ ಸುಮಾರು ಶೇ 85ರಷ್ಟು ಭಾಗ ಈ ಗಸಿಯಲ್ಲಿರುತ್ತದೆ. ಅದರಲ್ಲಿರುವ ಥೋರಿಯಂ-230ರ ಅರ್ಧಾಯುಷ್ಯ ಸುಮಾರು 75 ಸಾವಿರ ವರ್ಷ. ರೇಡಿಯಂ-226ರದ್ದು 1,600 ವರ್ಷ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಗಣಿಯ ಗಸಿ ಎಷ್ಟು ಬೃಹತ್ತಾಗಿ ಬೆಳೆಯುತ್ತದೆ, ಗಣಿ ಮುಚ್ಚಿದ ಮೇಲೂ ಅದರ ದೂಳು ಊರನ್ನು ಹೇಗೆ ಕಾಡುತ್ತದೆ ಎಂದು ವಿವರಿಸಬೇಕಿಲ್ಲ.

ನೀರಿಗೆ ಬಿದ್ದ ಮೇಲೆ ಇವುಗಳ ಹಾದಿ ಬೇರೆ ಬೇರೆ. ಯುರೇನಿಯಂ, ಅದರಲ್ಲೂ ಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ, ಕರಗಿಕೊಂಡು ದೂರ ಹೋಗಬಲ್ಲದು. ಅದು ದೇಹ ಸೇರಿದರೆ ಮೊದಲು ಕೆಡಿಸುವುದು ಮೂತ್ರಪಿಂಡವನ್ನು, ಅದೂ ವಿಕಿರಣಕ್ಕಿಂತ ಹೆಚ್ಚಾಗಿ ರಾಸಾಯನಿಕ ವಿಷವಾಗಿ. ಥೋರಿಯಂ ಮತ್ತು ರೇಡಿಯಂ ಹೆಚ್ಚಾಗಿ ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಂಡು ತಳಕ್ಕಿಳಿಯುತ್ತವೆ. ಹೊಳೆ ತಿರುಗುವ ಕಡೆ, ನೀರು ನಿಧಾನವಾಗುವ ಮಡುಗಳಲ್ಲಿ, ಒಡ್ಡುಗಳ ಹಿಂದೆ ಪದರ ಪದರವಾಗಿ ಕೂರುತ್ತವೆ. ಪ್ರವಾಹ ಬಂದಾಗ ಎದ್ದು ದಡದ ಗದ್ದೆಗಳ ಮೇಲೆ ಹಾಸಿಕೊಳ್ಳುತ್ತವೆ. ರೇಡಿಯಂ ರಾಸಾಯನಿಕವಾಗಿ ಕ್ಯಾಲ್ಸಿಯಂನ ಹತ್ತಿರದ ಸಂಬಂಧಿ. ಹೀಗಾಗಿ ಅದು ಸೇರುವುದು ಮೂಳೆಗೆ.

ಅಮೆರಿಕದ ಪೆನ್ಸಿಲ್ವೇನಿಯಾದ ಬ್ಲ್ಯಾಕ್‌ಲಿಕ್ ಹೊಳೆ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ ಯುರೇನಿಯಂ ಗಣಿ ಇಲ್ಲ. ಶೇಲ್ ಬಂಡೆಯಿಂದ ಅನಿಲ ತೆಗೆಯುವಾಗ ಆಳದಿಂದ ಉಕ್ಕುವ ಉಪ್ಪುನೀರಿನಲ್ಲಿ ರೇಡಿಯಂ ಇರುತ್ತದೆ. ಆ ನೀರನ್ನು ಶುದ್ಧೀಕರಿಸಿ ಹೊಳೆಗೆ ಬಿಡುತ್ತಿದ್ದ ಘಟಕವೊಂದು ಜೋಸೆಫೈನ್ ಎಂಬ ಊರಿನಲ್ಲಿತ್ತು. ಶುದ್ಧೀಕರಣದಲ್ಲಿ ರೇಡಿಯಂನ ಬಹುಪಾಲು ಹೋಗುತ್ತಿತ್ತು. ಆದರೂ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಘಟಕದ ನೀರು ಹೊಳೆ ಸೇರುವ ಜಾಗದ ಹೂಳಿನಲ್ಲಿ ರೇಡಿಯಂ ಪ್ರಮಾಣ ಮೇಲ್ದಂಡೆಯ ಹೂಳಿಗಿಂತ ಸುಮಾರು 200 ಪಟ್ಟು ಇತ್ತು. ದಿನದ ನೀರು ನೋಡಿದರೆ ಹೆಚ್ಚಿನದೇನೂ ಕಾಣದು. ವರ್ಷಗಳ ಕಾಲ ಚೂರು ಚೂರೇ ಕೂಡಿದ್ದು ಮಣ್ಣಿನಲ್ಲಿ ಕಂಡಿತು.

ಹೂಳಿನ ಪರೀಕ್ಷೆ ಅಂಥ ನಿಗೂಢ ವಿದ್ಯೆಯೇನೂ ಅಲ್ಲ. ನೀರು ನಿಧಾನವಾಗಿ ಹರಿಯುವ ಕಡೆ ತಳದ ಮೇಲ್ಪದರದ ಕೆಲವು ಸೆಂಟಿಮೀಟರ್ ಮಣ್ಣನ್ನು ಬಗೆದು ತೆಗೆಯುತ್ತಾರೆ. ಕಲ್ಲು, ಬೇರು, ಎಲೆ ಆರಿಸಿ ಎಸೆದು, ಒಲೆಯಲ್ಲಿಟ್ಟು ತೇವ ಆರಿಸಿ, ಕುಟ್ಟಿ, ಜರಡಿ ಹಿಡಿಯುತ್ತಾರೆ. ಹಿಟ್ಟಿನಂತಾದ ಮಣ್ಣನ್ನು ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ ಸುಮಾರು ಒಂದು ತಿಂಗಳು ಹಾಗೇ ಇಡುತ್ತಾರೆ. ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ತಪ್ಪಿಸಿಕೊಳ್ಳದೆ ಒಳಗೇ ಉಳಿದು, ಅದರ ಸಂತತಿ ರೇಡಿಯಂಗೆ ಸರಿಸಮವಾಗಿ ಬೆಳೆಯಲು ಅಷ್ಟು ಸಮಯ ಬೇಕು. ಆಮೇಲೆ ಸೀಸದ ಗೂಡಿನೊಳಗಿರುವ ಗಾಮಾ ಮಾಪಕದಲ್ಲಿ ಡಬ್ಬಿಯನ್ನಿಟ್ಟು ಗಂಟೆಗಟ್ಟಲೆ ಎಣಿಸುತ್ತಾರೆ. ಕೊನೆಗೆ ಬರುವುದು ಒಂದು ಕಿಲೋ ಮಣ್ಣಿನಲ್ಲಿ ಇಷ್ಟು ಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಎಂಬ ಒಂದು ಸಂಖ್ಯೆ. ಇದನ್ನು ಮಾಡಬಲ್ಲ ಪ್ರಯೋಗಾಲಯಗಳು ಭಾರತದ ಹಲವು ವಿಶ್ವವಿದ್ಯಾಲಯಗಳಲ್ಲಿವೆ.

ಅಳೆಯದೆ, ಹೇಳದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ರಷ್ಯಾದ ಟೆಚಾ ನದಿಗಿಂತ ಘೋರ ಉದಾಹರಣೆ ಇಲ್ಲ. ಉರಲ್ ಪರ್ವತದ ತಪ್ಪಲಿನ ಮಾಯಾಕ್ ಕಾರ್ಖಾನೆ ಸೋವಿಯತ್ ಒಕ್ಕೂಟದ ಅಣುಬಾಂಬಿಗೆ ಪ್ಲುಟೋನಿಯಂ ತಯಾರಿಸುತ್ತಿತ್ತು. 1949ರಿಂದ 1956ರವರೆಗೆ ಅದು 7.6 ಕೋಟಿ ಘನ ಮೀಟರ್ ದ್ರವತ್ಯಾಜ್ಯವನ್ನು ಟೆಚಾಗೆ ಬಿಟ್ಟಿತು. ನದಿಯಂಚಿನ ಹಳ್ಳಿಗಳ ಜನ ಆ ನೀರನ್ನೇ ಕುಡಿದರು, ಅದರಲ್ಲೇ ಮೀನು ಹಿಡಿದರು, ಅದರ ಹುಲ್ಲುಗಾವಲಲ್ಲೇ ಹಸು ಮೇಯಿಸಿದರು. ಸುಮಾರು 1.24 ಲಕ್ಷ ಜನ ವಿಕಿರಣಕ್ಕೆ ಒಡ್ಡಿಕೊಂಡರು. ಹಲವು ಹಳ್ಳಿಗಳನ್ನು ಎಬ್ಬಿಸಿದರೂ ಏಕೆಂದು ಯಾರೂ ಹೇಳಲಿಲ್ಲ. ಮುಸ್ಲ್ಯುಮೊವೊ ಎಂಬ ಹಳ್ಳಿಯ ಸ್ಥಳಾಂತರ ಶುರುವಾಗಿದ್ದು 2000ದ ಇಸವಿ ದಾಟಿದ ಮೇಲೆ. ಅಷ್ಟರಲ್ಲಿ ನದಿಯ ನೀರು ಎಷ್ಟೋ ಸಲ ಬದಲಾಗಿತ್ತು. ದಡದ ಕೆಸರಿನಲ್ಲಿ ಸೀಸಿಯಂ, ಸ್ಟ್ರಾಂಷಿಯಂ ಹಾಗೇ ಕೂತಿದ್ದವು.

ಬಾಂಬಿನ ಕಾರ್ಖಾನೆಯನ್ನೂ ಯುರೇನಿಯಂ ಗಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಟೆಚಾಗೆ ಸೇರಿದ್ದು ರಿಯಾಕ್ಟರಿನಲ್ಲಿ ಹುಟ್ಟಿದ ಉಗ್ರ ತ್ಯಾಜ್ಯ. ಗಣಿಯ ಗಸಿಯ ವಿಕಿರಣ ಅದರ ಮುಂದೆ ತೀರಾ ಮಂದ. ಆದರೆ ಆಡಳಿತದ ನಡವಳಿಕೆಯಲ್ಲಿ ಸಾಮ್ಯವಿದೆ. ರಹಸ್ಯದ ನೆಪ, ಜನರಿಗೆ ತಡವಾಗಿ ತಲುಪುವ ಮಾಹಿತಿ, ಆರಂಭದ ಲೆಕ್ಕವೇ ಇಲ್ಲದಿರುವುದು ಎರಡೂ ಕಡೆ ಕಾಣುತ್ತವೆ.

ಭಾರತದಲ್ಲಿ ಈ ಕಥೆ ನಡೆದಿರುವುದು ಜಾರ್ಖಂಡ್‌ನ ಜಾದುಗುಡಾದಲ್ಲಿ. ದೇಶದ ಮೊದಲ ಯುರೇನಿಯಂ ಗಣಿಯಿದು. ಭಾರತೀಯ ಯುರೇನಿಯಂ ನಿಗಮ, ಅಂದರೆ ಯುಸಿಐಎಲ್, ಸ್ಥಾಪನೆಯಾದದ್ದು 1967ರಲ್ಲಿ. ಇಲ್ಲಿನ ಅದಿರು ತೀರಾ ಬಡ. ಒಂದು ಟನ್ ಅದಿರು ಅರೆದರೆ ಸಿಗುವುದು ಅರ್ಧ ಕಿಲೋದಷ್ಟು ಯುರೇನಿಯಂ. ಗಸಿಯಲ್ಲಿ ದಪ್ಪ ಭಾಗವನ್ನು ಮತ್ತೆ ಗಣಿಯೊಳಗೆ ತುಂಬುತ್ತಾರೆ, ನುಣುಪು ಭಾಗವನ್ನು ಪೈಪಿನಲ್ಲಿ ಗುಡ್ಡಗಳ ನಡುವಿನ ಕೊಳಗಳಿಗೆ ಹರಿಸುತ್ತಾರೆ. ಸಂತಾಲ, ಹೋ ಆದಿವಾಸಿಗಳ ಊರುಗಳು ಈ ಕೊಳಗಳಿಗೆ ಅಂಟಿಕೊಂಡೇ ಇವೆ. ಇಲ್ಲಿನ ಹಳ್ಳಕೊಳ್ಳಗಳ ನೀರು ಸುವರ್ಣರೇಖಾ ನದಿ ಸೇರುತ್ತದೆ. ಆ ನದಿ ಜಾರ್ಖಂಡ್, ಪಶ್ಚಿಮ ಬಂಗಾಳ, ಒಡಿಶಾ ದಾಟಿ ಸಮುದ್ರಕ್ಕೆ ಹೋಗುತ್ತದೆ.

2006ರ ಡಿಸೆಂಬರ್ 24ರಂದು ಡುಂಗ್ರಿಡೀಹ್ ಹಳ್ಳಿಯ ಬಳಿ ಗಸಿ ಸಾಗಿಸುವ ಪೈಪು ಒಡೆಯಿತು. ಕೆಸರು ಹಳ್ಳಕ್ಕೆ ಗಂಟೆಗಟ್ಟಲೆ ಹರಿಯಿತು. ಅದನ್ನು ಮೊದಲು ಕಂಡು ಕಂಪನಿಗೆ ತಿಳಿಸಿದವರು ಹಳ್ಳಿಯವರು. ಪೈಪಿನೊಳಗಿನ ಒತ್ತಡ ಕುಸಿದರೆ ತಕ್ಷಣ ಪಂಪು ನಿಲ್ಲಿಸುವ ವ್ಯವಸ್ಥೆ ಇದ್ದಿದ್ದರೆ ಹಳ್ಳಿಗರ ಕಣ್ಣನ್ನು ನೆಚ್ಚಿಕೊಳ್ಳಬೇಕಾಗಿರಲಿಲ್ಲ.

ಜಾದುಗುಡಾದ ಜನರ ಆರೋಗ್ಯದ ಬಗ್ಗೆ ದಶಕಗಳಿಂದ ಎರಡು ವಾದಗಳು ಎದುರುಬದುರಾಗಿ ನಿಂತಿವೆ. ಮಕ್ಕಳ ಅಂಗವೈಕಲ್ಯ, ಗರ್ಭಪಾತ, ಕ್ಯಾನ್ಸರ್ ಹೆಚ್ಚಿವೆ ಎಂದು ಊರಿನವರು, ಕೆಲವು ವೈದ್ಯರು ಹೇಳುತ್ತಾರೆ. ಅವಕ್ಕೂ ವಿಕಿರಣಕ್ಕೂ ಸಂಬಂಧವಿಲ್ಲ, ಎಲ್ಲವೂ ಮಿತಿಯೊಳಗಿದೆ ಎಂದು ಕಂಪನಿ ಹೇಳುತ್ತದೆ. ಶ್ರೀಪ್ರಕಾಶ್ ಅವರ ‘ಬುದ್ಧ ವೀಪ್ಸ್ ಇನ್ ಜಾದುಗೋಡಾ’ ಸಾಕ್ಷ್ಯಚಿತ್ರ ಈ ಅಳಲನ್ನು ಹೊರಜಗತ್ತಿಗೆ ತೋರಿಸಿತು. ಸುಪ್ರೀಂ ಕೋರ್ಟ್ 2004ರಲ್ಲಿ ಪರಮಾಣು ಶಕ್ತಿ ಆಯೋಗದ ವಿವರಣೆಯನ್ನು ಒಪ್ಪಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ವಜಾ ಮಾಡಿತು. ಹತ್ತು ವರ್ಷದ ಮೇಲೆ, 2014ರಲ್ಲಿ, ಜಾರ್ಖಂಡ್ ಹೈಕೋರ್ಟ್ ಪತ್ರಿಕಾ ವರದಿಗಳನ್ನು ಕಂಡು ತಾನೇ ಪ್ರಕರಣ ದಾಖಲಿಸಿಕೊಂಡಿತು. ವಿವಾದ ಇಷ್ಟು ದೀರ್ಘವಾಗಿ ಎಳೆದದ್ದಕ್ಕೆ ಒಂದು ಮುಖ್ಯ ಕಾರಣವಿದೆ: ಗಣಿ ಶುರುವಾಗುವ ಮೊದಲು ಅಲ್ಲಿನ ಹಳ್ಳದ ಮಣ್ಣು, ಬಾವಿಯ ನೀರು, ಜನರ ಆರೋಗ್ಯ ಹೇಗಿತ್ತು ಎಂದು ಎರಡೂ ಕಡೆಯವರು ನಂಬುವಂಥ ದಾಖಲೆ ಇಲ್ಲ.

ಇದು ಕರ್ನಾಟಕಕ್ಕೆ ದೂರದ ಸುದ್ದಿಯಲ್ಲ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿ, ಆದಿಲ್‌ಶಾಹಿ ಸುಲ್ತಾನರ ಸಮಾಧಿಗಳಿರುವ ಊರು. ಅದರ ನೆಲದಡಿಯ ಸುಣ್ಣಕಲ್ಲು ಮತ್ತು ಗ್ರಾನೈಟ್ ಪದರಗಳಲ್ಲಿ ಯುರೇನಿಯಂ ಇದೆ. ಜಾದುಗುಡಾದ್ದಕ್ಕಿಂತ ಹೆಚ್ಚು ಸತ್ವದ ಅದಿರು. ಯುಸಿಐಎಲ್ ಇಲ್ಲಿ ಅನ್ವೇಷಣೆಗಾಗಿ ಸುರಂಗ ತೋಡಿತು. ಊರಿನವರು, ಪರಿಸರ ಕಾರ್ಯಕರ್ತರು ವಿರೋಧಿಸಿದರು. ಗಣಿಗಾರಿಕೆ ಪೂರ್ಣ ಪ್ರಮಾಣದಲ್ಲಿ ಶುರುವಾಗಿಲ್ಲ, ಯೋಜನೆ ಸತ್ತೂ ಇಲ್ಲ. ಈ ಸೀಮೆಯ ಹಳ್ಳಗಳು ಹರಿಯುವುದು ಭೀಮಾ, ಕೃಷ್ಣಾ ನದಿಗಳ ಕಡೆಗೆ. ಆ ಭೀಮಾ ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತದೆ. ಹತ್ತಿ, ತೊಗರಿ, ಭತ್ತ ಬೆಳೆಯುವ ಸೀಮೆಯಿದು. ಸುಣ್ಣಕಲ್ಲಿನ ನೆಲದಲ್ಲಿ ಅಂತರ್ಜಲಕ್ಕೆ ಕಾರ್ಬೊನೇಟ್ ಸೇರುತ್ತದೆ. ಅಂಥ ನೀರಿನಲ್ಲಿ ಯುರೇನಿಯಂ ಸುಲಭವಾಗಿ ಕರಗಿ ಸಾಗುತ್ತದೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಗಣಿಯ ಮಾತು ಬಿಟ್ಟರೂ ರಾಜ್ಯದ ಅಂತರ್ಜಲದಲ್ಲಿ ಈಗಾಗಲೇ ಯುರೇನಿಯಂ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ರಾಯಚೂರು ಮೊದಲಾದ ಪೂರ್ವದ ಜಿಲ್ಲೆಗಳ 73 ಹಳ್ಳಿಗಳ ಕೊಳವೆಬಾವಿ ನೀರಿನ ಸಮೀಕ್ಷೆಯನ್ನು ವಿಜ್ಞಾನಿಗಳು 2021ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದರು. 57 ಹಳ್ಳಿಗಳಲ್ಲಿ ಯುರೇನಿಯಂ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೊಗ್ರಾಂ ದಾಟಿತ್ತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಸಡಿಲ ಮಿತಿಯಾದ 60ನ್ನೂ 48 ಹಳ್ಳಿಗಳು ದಾಟಿದ್ದವು. ಇದು ಯಾವ ಕಂಪನಿಯೂ ಬೆರೆಸಿದ್ದಲ್ಲ. ಗ್ರಾನೈಟ್ ಬಂಡೆಯಲ್ಲಿದ್ದದ್ದು, ಅಂತರ್ಜಲ ಕುಸಿದು ಬಾವಿಗಳು ಆಳಕ್ಕೆ ಇಳಿದಂತೆ ಮೇಲೆ ಬಂದಿದೆ.

ಮೊದಲ ಲೆಕ್ಕದ ಅಗತ್ಯ ಇಲ್ಲೇ ಎದ್ದು ಕಾಣುತ್ತದೆ. ನಾಳೆ ಗೋಗಿಯಲ್ಲಿ ಗಣಿ ಶುರುವಾಗಿ, ಹತ್ತು ವರ್ಷದ ಮೇಲೆ ಯಾವುದೋ ಬಾವಿಯಲ್ಲಿ ಯುರೇನಿಯಂ ಹೆಚ್ಚಿದೆ ಎಂದು ರೈತ ದೂರು ಕೊಟ್ಟರೆ, ‘ಅದು ಬಂಡೆಯಲ್ಲೇ ಇತ್ತು’ ಎಂಬ ಉತ್ತರ ಸಿದ್ಧವಿರುತ್ತದೆ. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಗಣಿಗೆ ಮೊದಲಿನ ದಾಖಲೆ ಇಲ್ಲದಿದ್ದರೆ ತೀರ್ಮಾನಿಸಲು ನ್ಯಾಯಾಲಯಕ್ಕೂ ಆಗದು. ಆ ದಾಖಲೆ ರೈತನನ್ನು ಕಾಯುವಷ್ಟೇ ಪ್ರಾಮಾಣಿಕ ಕಂಪನಿಯನ್ನೂ ಕಾಯುತ್ತದೆ.

ಇದನ್ನು ಮಾಡಿದ ಅನುಭವ ಕರ್ನಾಟಕಕ್ಕೆ ಇದೆ. ಕಾಳಿ ನದಿ ದಡದ ಕೈಗಾದಲ್ಲಿ ಅಣುಸ್ಥಾವರ ವಿದ್ಯುತ್ ಉತ್ಪಾದಿಸುವ ಮೊದಲೇ ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಸುತ್ತಲಿನ ಮಣ್ಣು, ನೀರು, ಹುಲ್ಲಿನಲ್ಲಿ ಸಹಜ ವಿಕಿರಣ ಎಷ್ಟಿದೆ ಎಂದು ಅಳೆದು ಪ್ರಕಟಿಸಿದ್ದರು. ಸ್ಥಾವರದ ಬಗ್ಗೆ ಯಾರ ನಿಲುವು ಏನೇ ಇರಲಿ, ಹೋಲಿಸಿ ನೋಡಲು ಅಲ್ಲಿ ಒಂದು ಆಧಾರವಿದೆ. ಕೈಗಾಗೆ ಸಿಕ್ಕಿದ್ದು ಗೋಗಿಗೂ ಸಿಗಬೇಕು.

ಸರಿಪಡಿಸುವ ದಾರಿಯೂ ಹೊಸದಲ್ಲ. ಪೋಲೆಂಡಿನ ಅಪ್ಪರ್ ಸೈಲೀಷಿಯಾದ ಕಲ್ಲಿದ್ದಲು ಗಣಿಗಳಿಂದ ಮೇಲೆತ್ತುವ ಉಪ್ಪುನೀರಿನಲ್ಲಿ ರೇಡಿಯಂ ಇತ್ತು. ಅದು ತೊರೆಗಳ ಮೂಲಕ ವಿಸ್ಟುಲಾ ನದಿಯನ್ನು ಸೇರುತ್ತಿತ್ತು. ಕಲ್ಲಿದ್ದಲ ಗಣಿಯಲ್ಲಿ ವಿಕಿರಣವೇ ಎಂದು ತಳ್ಳಿಹಾಕದೆ ಅಲ್ಲಿನ ವಿಜ್ಞಾನಿಗಳು ನೀರನ್ನೂ ಹೂಳನ್ನೂ ಅಳೆದರು. ಬೇರಿಯಂ ಕ್ಲೋರೈಡ್ ಬೆರೆಸಿದರೆ ರೇಡಿಯಂ, ಬೇರಿಯಂ ಸಲ್ಫೇಟ್ ಜತೆ ಗಟ್ಟಿಯಾಗಿ ತಳಕ್ಕಿಳಿಯುತ್ತದೆ. ಪಿಯಾಸ್ಟ್ ಎಂಬ ಗಣಿಯಲ್ಲಿ ಈ ಕೆಲಸವನ್ನು ನೆಲದಡಿಯ ಸುರಂಗದಲ್ಲೇ ಮಾಡಿ, ರೇಡಿಯಂ ಮೇಲೆ ಬರದಂತೆ ತಡೆದರು. ಜಾದುಗುಡಾದಲ್ಲೂ ಶುದ್ಧೀಕರಣ ಘಟಕ ಇದೇ ರಾಸಾಯನಿಕವನ್ನು ಬಳಸುತ್ತದೆ. ತಂತ್ರಜ್ಞಾನ ಕೈಯಲ್ಲಿರುವಾಗ ಅದರ ಫಲಿತಾಂಶವನ್ನು ಹೊರಗಿನವರು ಪರೀಕ್ಷಿಸಲು ಬಿಡುವುದಕ್ಕೆ ಹಿಂಜರಿಕೆ ಏಕೆ?

ಹಿಂಜರಿಕೆಗೆ ಕಾನೂನಿನ ಚರಿತ್ರೆಯೂ ಇದೆ. 1962ರ ಪರಮಾಣು ಶಕ್ತಿ ಕಾಯ್ದೆ ಮಾಹಿತಿ ಹೊರಬೀಳದಂತೆ ತಡೆಯುವ ವಿಶಾಲ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹುಟ್ಟಿದ್ದು 1983ರಲ್ಲಿ, ಸರ್ಕಾರಿ ಆದೇಶದ ಮೂಲಕ. ಅದಕ್ಕೆ ಸ್ವತಂತ್ರ ಕಾನೂನಿನ ಬಲವಿಲ್ಲ ಎಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2012ರಲ್ಲೇ ಎತ್ತಿ ತೋರಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಮಾಣು ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದಲೇ ವಿನಾಯಿತಿ ಕೊಟ್ಟಿತು. ಬಾವಿ ಇರುವವನು, ಹೊಲ ಇರುವವಳು ಎದ್ದುನಿಂತು ಪ್ರಶ್ನೆ ಕೇಳಬಹುದಾಗಿದ್ದ ಒಂದೇ ವೇದಿಕೆ ಅದು. ಇದು ತಪ್ಪು ನಿರ್ಧಾರ, ಹಿಂದಕ್ಕೆ ಪಡೆಯಬೇಕು.

ದೇಶಕ್ಕೆ ವಿದ್ಯುತ್ ಬೇಡವೇ ಎಂಬ ಪ್ರಶ್ನೆ ಖಂಡಿತ ಬರುತ್ತದೆ, ಅದು ಸಹಜ ಪ್ರಶ್ನೆ. 2047ರೊಳಗೆ 100 ಗಿಗಾವಾಟ್ ಅಣುವಿದ್ಯುತ್ ಎಂಬ ಗುರಿಯನ್ನು ಕೇಂದ್ರ 2025ರ ಬಜೆಟ್‌ನಲ್ಲಿ ಘೋಷಿಸಿದೆ. ಕಲ್ಲಿದ್ದಲಿನ ಹೊಗೆ ಕಡಿಮೆಯಾಗಬೇಕೆನ್ನುವವರು ಅದನ್ನು ಸುಮ್ಮನೆ ತಳ್ಳಿಹಾಕಲಾಗದು. ವಿಕಿರಣ ಎಲ್ಲೆಡೆ ಸಹಜವಾಗಿ ಇದೆ ಎಂಬುದೂ ನಿಜ. ಆದರೆ ಯುರೇನಿಯಂ ಹೆಚ್ಚು ಬೇಕಾದಷ್ಟೂ ಗಸಿ ಹೆಚ್ಚುತ್ತದೆ. ಅದರ ಕೊಳ ಇರುವುದು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಅಲ್ಲ. ವಿದ್ಯುತ್ತಿನ ಸುಖ ದೇಶಕ್ಕೆಲ್ಲ ಹಂಚಿಹೋಗಿ, ಸಾವಿರಾರು ವರ್ಷ ಕಾಯಬೇಕಾದ ಗಸಿ ಮಾತ್ರ ಒಂದೆರಡು ಹಳ್ಳಿಗಳ ಪಾಲಾಗುವಾಗ, ಆ ಹಳ್ಳಿಗಳಿಗೆ ಪೂರ್ತಿ ಮಾಹಿತಿ ಕೊಡುವುದು ಸರ್ಕಾರದ ಕನಿಷ್ಠ ಹೊಣೆ.

ಕರ್ನಾಟಕ ಸರ್ಕಾರ ಈಗಲೇ ಮಾಡಬಹುದಾದ ಕೆಲಸ ಸ್ಪಷ್ಟವಿದೆ. ಗೋಗಿ ಸುತ್ತಲಿನ ಹಳ್ಳ, ಕೆರೆ, ಬಾವಿಗಳಲ್ಲಿ ಮತ್ತು ಭೀಮಾ ನದಿಯ ಮೇಲ್ದಂಡೆ, ಕೆಳದಂಡೆಗಳಲ್ಲಿ ನೀರು ಮತ್ತು ಹೂಳು ಎರಡರಲ್ಲೂ ಯುರೇನಿಯಂ, ರೇಡಿಯಂ ಅಳೆಸಬೇಕು. ಗಣಿ ನಡೆಸುವ ಕಂಪನಿಯ ಪ್ರಯೋಗಾಲಯದ ಬದಲು ವಿಶ್ವವಿದ್ಯಾಲಯಕ್ಕೆ ಆ ಕೆಲಸ ವಹಿಸಬೇಕು. ಒಂದೇ ಮಾದರಿಯನ್ನು ಎರಡು ಪಾಲು ಮಾಡಿ ಎರಡು ಕಡೆ ಪರೀಕ್ಷಿಸಬೇಕು. ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ, ಅರ್ಥವಾಗುವ ಕನ್ನಡದಲ್ಲಿ, ಮಿತಿ ಎಷ್ಟು ಸಿಕ್ಕಿದ್ದೆಷ್ಟು ಎಂದು ಅಂಟಿಸಬೇಕು. ಮಳೆಗಾಲಕ್ಕೆ ಮೊದಲು, ನಂತರ ಹೀಗೆ ವರ್ಷಕ್ಕೆರಡು ಬಾರಿ ಅದೇ ಜಾಗಗಳಲ್ಲಿ ಮತ್ತೆ ಅಳೆಯಬೇಕು. ಕೃಷ್ಣಾ ದಡದ ರಾಯಚೂರು ಶಾಖೋತ್ಪನ್ನ ಸ್ಥಾವರದ ಬೂದಿ ಹೊಂಡದ ಸುತ್ತಲೂ ಇದೇ ಪರೀಕ್ಷೆ ನಡೆಯಲಿ. ಕಲ್ಲಿದ್ದಲು ಉರಿದಾಗ ಅದರಲ್ಲಿದ್ದ ಅಲ್ಪಸ್ವಲ್ಪ ಯುರೇನಿಯಂ, ಥೋರಿಯಂ ಬೂದಿಯಲ್ಲಿ ಸಾಂದ್ರವಾಗುತ್ತವೆ. ಪ್ರಮಾಣ ಕಡಿಮೆ ಎಂದಾದರೆ ಆ ಮಾತನ್ನು ಅಂಕಿಯ ಸಮೇತ ಹೇಳಿ ಜನರ ಆತಂಕ ಕಳೆಯಲಿ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 1974ರ ಜಲ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೊಳೆ, ಬಾವಿಗಳ ನೀರು ಪರೀಕ್ಷಿಸುವ ಅಧಿಕಾರವಿದೆ; ತಳದ ಮಣ್ಣು ತೆಗೆದು ವಿಶ್ವವಿದ್ಯಾಲಯಕ್ಕೆ ಕಳಿಸುವುದನ್ನು ಯಾರೂ ತಡೆಯುವುದಿಲ್ಲ. ಮಾರ್ಚ್ ಕಳೆದರೆ ಭೀಮಾ ಪಾತ್ರದಲ್ಲಿ ಹರಿವು ಇಳಿದು ಹೂಳು ಮೇಲೆ ಕಾಣುತ್ತದೆ. ಮಾದರಿ ತೆಗೆಯಲು ಅನುಕೂಲದ ಕಾಲ ಅದು. ಯಾದಗಿರಿ ಜಿಲ್ಲಾಡಳಿತ ಮುಂದಿನ ಬೇಸಿಗೆಗೇ ಇದನ್ನು ಶುರುಮಾಡಬೇಕು, ಬೇಕಾದ ಹಣವನ್ನು ರಾಜ್ಯ ಸರ್ಕಾರ ಬಜೆಟ್‌ನಲ್ಲೇ ತೆಗೆದಿಡಬೇಕು.